ಸಹಾಯ ಬೇಕು: ಮೋಟರ್‌ಹೋಮ್ ಚಾವಣಿ ಎಸಿ ಹತ್ರ ಕುಸಿದು ಸೋರ್ತಿದೆ

ಅಮೆರಿಕದಲ್ಲಿ ಆರ್‌ವಿ (ಒಳಗೇ ವಾಸ ಮಾಡೋ ಮನೆಯಂಥ ಗಾಡಿ) ಇಟ್ಕೊಂಡಿರೋರು, ಮರಗೆಲಸ ಗೊತ್ತಿರೋರು ಸ್ವಲ್ಪ ನೋಡಿ. ನಮ್ಮದು ಹಳೇ ಕ್ಲಾಸ್ ಸಿ ಗಾಡಿ, ಅಂದ್ರೆ ವ್ಯಾನ್ ಅಥವಾ ಟ್ರಕ್ ಚಾಸಿ ಮೇಲೆ ಕಟ್ಟಿದ ಮೋಟರ್‌ಹೋಮ್. ಚಾವಣಿಗೆ ಮರದ ಅಡ್ಡಪಟ್ಟಿ, ಮೇಲೆ 3/8 ಇಂಚಿನ ಪ್ಲೈವುಡ್, ಅದರ ಮೇಲೆ ನೀರು ತಡೆಯೋ ಇಪಿಡಿಎಂ ಅನ್ನೋ ರಬ್ಬರ್ ಹಾಳೆ. ಎಸಿ ಕೂರೋ 14 ಇಂಚಿನ ಕಿಂಡಿ ಸುತ್ತ ಚಾವಣಿ ಒಂದೂವರೆ ಇಂಚು ಇಳಿದಿದೆ. ಅಲ್ಲಿ ನೀರು ನಿಲ್ಲುತ್ತೆ, ಗ್ಯಾಸ್ಕೆಟ್ (ಎಸಿಗೂ ಚಾವಣಿಗೂ ನಡುವಿನ ಸೀಲ್) ಕೆಳಗಿಂದ ಒಳಗೆ ಇಳಿಯುತ್ತೆ.

ಗ್ಯಾಸ್ಕೆಟ್ ಬದಲಾಯಿಸಿದ್ದಾಯ್ತು. ಪಕ್ಕದ ವೆಂಟ್ ಬಿಚ್ಚಿ ಹೊಸ ಬ್ಯುಟೈಲ್ ಟೇಪ್ (ನೀರು ತಡೆಯೋ ಅಂಟು ಪಟ್ಟಿ), ಸ್ಕ್ರೂ ತಲೆಗಳ ಮೇಲೆ ಸೆಲ್ಫ್ ಲೆವೆಲಿಂಗ್ ಲ್ಯಾಪ್ ಸೀಲಂಟ್ (ತಾನೇ ಹರಡಿ ಮಟ್ಟವಾಗೋ ಸೀಲಂಟ್) ಹಾಕಿದ್ದಾಯ್ತು. (ಸಿಲಿಕೋನ್ ಹಚ್ಚಿ ಅಂತ ಮಾತ್ರ ಹೇಳ್ಬೇಡಿ. ಇಪಿಡಿಎಂಗೆ ಅದು ಸರಿಯಾಗಿ ಹಿಡಿಯಲ್ಲ, ಆಮೇಲೆ ಅದರ ಮೇಲೆ ಬೇರೇನೂ ಅಂಟಲ್ಲ.) ಒಳಗಿಂದ ಹಲಗೆ ಕೊಟ್ಟು ಬಾಟಲ್ ಜಾಕ್‌ನಲ್ಲಿ ಎತ್ತಿದ್ರೆ ಚಾವಣಿ ಮಟ್ಟಕ್ಕೆ ಬರುತ್ತೆ, ಜಾಕ್ ತೆಗೆದ್ರೆ ಮತ್ತೆ ಅಲ್ಲಿಗೇ. ಕಿಂಡಿ ಅಂಚಲ್ಲಿ ಸ್ಕ್ರೂಡ್ರೈವರ್ ಚುಚ್ಚಿದ್ರೆ ಪ್ಲೈವುಡ್ ಟೀಲಿ ನೆನೆದ ರಸ್ಕ್ ಥರ ಕಿತ್ಕೊಂಡು ಬರುತ್ತೆ. ಸುಮಾರು 45 ಕೆಜಿ ಎಸಿಯನ್ನ ಆ ಮರ ಇನ್ನು ಹೊರಲ್ಲ.

ಗೊಂದಲ ಇರೋದು ಇಲ್ಲಿ: ಅಡ್ಡಪಟ್ಟಿಗಳ ತುದಿ, ಅಂದ್ರೆ ಗೋಡೆ ಹತ್ರ, ಇನ್ನೂ ಗಟ್ಟಿ ಇದೆ. ಸೀಲಿಂಗ್ ಬಿಚ್ಚಿ ಒಂದೂವರೆ ಇಂಚಿನ ಅಲ್ಯೂಮಿನಿಯಂ ಚೌಕ ಪೈಪನ್ನ ಆ ಅಡ್ಡಪಟ್ಟಿಗಳ ಪಕ್ಕಕ್ಕೆ ಬೋಲ್ಟ್ ಮಾಡೋ ಯೋಚನೆ. ನಾಲ್ಕಡಿ ತುಂಡು ಹಾಕಿದ್ರೆ ಭಾರ ಮತ್ತೆ ಹಳೇ ಮರಕ್ಕೇ ಹೋಗುತ್ತೆ. ಗೋಡೆಯಿಂದ ಗೋಡೆಗೆ ಹಾಕ್ಬೇಕಂದ್ರೆ ಮೇಲಿನ ಕಪಾಟೆಲ್ಲ ಕಳಚಬೇಕು.

ಕಪಾಟು ಕಳಚದೆ ತುಂಡು ಪೈಪಲ್ಲೇ ನಿಲ್ಲಿಸಿದೋರು ಇದ್ದೀರಾ? ಇಲ್ಲಾಂದ್ರೆ ರಬ್ಬರ್ ಎಬ್ಬಿಸಿ ಮೇಲಿಂದಲೇ ಪೂರ್ತಿ ಪೈಪ್ ಇಳಿಸೋದು ವಾಸಿನಾ? ಹಾಗೆ ಮಾಡಿದ್ರೆ ತುದಿಗಳನ್ನ ಗೋಡೆಯ ಮೇಲ್ಪಟ್ಟಿಗೆ ಹೇಗೆ ಕಟ್ಟಿದ್ರಿ?