ಅಗ್ರಿಮೆಂಟ್ ಮುರಿದರೆ ಫ್ಲ್ಯಾಟೇ ಸಿಗುತ್ತಾ, ಬರೀ ದುಡ್ಡಾ?

ಹಡಪ್ಸರ್ ಹುಡುಗ: ಪುಣೆಯಲ್ಲಿ ಫ್ಲ್ಯಾಟ್‌ಗೆ ಅಗ್ರಿಮೆಂಟ್ ಆಗಿ ಅಡ್ವಾನ್ಸೂ ಕೊಟ್ಟಾಯಿತು. ಈಗ ರೇಟ್ ಏರಿದೆ ಅಂತ ಮಾಲೀಕರು ದುಡ್ಡು ವಾಪಸ್ ತಗೋ ಅನ್ನುತ್ತಿದ್ದಾರೆ. ನನಗೆ ಮನೆಯೇ ಬೇಕು.

ಡೊಂಬಿವಲಿ ಮಾಮ: ಕೇಳಬಹುದು. ದುಡ್ಡಿನ ಬದಲು ಅಗ್ರಿಮೆಂಟ್ ಪ್ರಕಾರವೇ ನಡೆದುಕೊಳ್ಳಿ ಅಂತ ಕೋರ್ಟ್ ಆದೇಶ ಕೊಡೋದಕ್ಕೆ ಸ್ಪೆಸಿಫಿಕ್ ಪರ್ಫಾರ್ಮೆನ್ಸ್ ಅಂತಾರೆ. ಇಂಗ್ಲೆಂಡಿನ ಹಳೇ ಚಾನ್ಸರಿ ಕೋರ್ಟ್ ಬೆಳೆಸಿದ ದಾರಿ ಇದು, ನಮ್ಮಲ್ಲಿ 1963ರ ಸ್ಪೆಸಿಫಿಕ್ ರಿಲೀಫ್ ಕಾಯ್ದೆಯಲ್ಲಿದೆ. ಮೊದಲು ಕೊಡೋದು ಬಿಡೋದು ಜಡ್ಜ್ ವಿವೇಚನೆ, 2018ರ ತಿದ್ದುಪಡಿ ಅದನ್ನು ಬಹಳ ಕಡಿಮೆ ಮಾಡಿತು. ಆದರೆ ಬಾಕಿ ಹಣ ಕೊಡಲು ನೀವು ಮೊದಲಿನಿಂದಲೂ ತಯಾರಿದ್ದಿರಿ ಅಂತ ತೋರಿಸಬೇಕು, ಸುಮ್ನೆ ಬಾಯಲ್ಲಿ ಹೇಳಿದರೆ ಸಾಲದು. ಲೋನ್ ಪತ್ರ ಇದೆ ತಾನೇ?

ಹಡಪ್ಸರ್ ಹುಡುಗ: ಇದೆ ಸರ್.

ಪಣಜಿ ವಕೀಲೆ: ಕೇಸ್ ಹಾಕಲು 3 ವರ್ಷದ ಗಡುವಿದೆ, ಕಾಯಬೇಡಿ. ಬೇರೆಯವರಿಗೆ ಮಾರದಂತೆ ತಡೆಯಾಜ್ಞೆಯನ್ನೂ ಕೇಳಿ. ಕೋರ್ಟಿನ ಮುಂದೆ ಏನನ್ನೂ ಮುಚ್ಚಿಡಬೇಡಿ, ಅದರಿಂದಲೇ ಸೋಲಬಹುದು.