1991ರ ಬೋರ್ಡೋ ತೆರೆದೆ: ಬಾಟಲಿ ಕೆಟ್ಟಿತ್ತಾ, ನಾನೇ ಕೆಡಿಸಿದ್ನಾ?

ತುಲೂಸ್‌ವಾಸಿ:
ತುಲೂಸ್‌ನಲ್ಲಿ ಕೆಲಸಕ್ಕಿದ್ದೇನೆ. ಪಕ್ಕದ ಮನೆಯ ಅಜ್ಜ ಮನೆ ಖಾಲಿ ಮಾಡಿ ಮಗಳ ಊರಿಗೆ ಹೋಗುವಾಗ ಎರಡು ಬಾಟಲಿ ಕೈಗಿಟ್ಟರು. ಎರಡೂ ಬೋರ್ಡೋ ಪ್ರಾಂತ್ಯದ ಸೆಂತ್-ಎಸ್ತೆಫ್ ಅನ್ನೋ ಊರಿನ ಕೆಂಪು ವೈನ್, ಒಂದೇ ಶಾಟೋದ್ದು (ಅಂದರೆ ವೈನ್ ಮಾಡುವ ತೋಟ), 1991ರದ್ದು. "ಆ ವರ್ಷ ಅಷ್ಟು ಚೆನ್ನಾಗಿರಲಿಲ್ಲ, ಜಾಸ್ತಿ ಆಸೆ ಇಟ್ಕೋಬೇಡ" ಅಂತ ನಕ್ಕರು.

ಶನಿವಾರ ಒಂದನ್ನು ತೆರೆದೆ. ಕಾರ್ಕ್ ಅರ್ಧಕ್ಕೆ ಮುರಿದು ಪುಡಿಪುಡಿ ಆಯ್ತು, ಟೀ ಸೋಸುವ ಜಾಲರಿಯಲ್ಲೇ ಸೋಸಿದೆ. ಹಳೇ ವೈನಿಗೆ ಗಾಳಿ ಬೇಕು ಅಂತ ಯಾವುದೋ ವಿಡಿಯೋದಲ್ಲಿ ನೋಡಿದ್ದೆ, ಅದಕ್ಕೇ ಡಿಕ್ಯಾಂಟರ್ ಅನ್ನೋ ಗಾಜಿನ ಹೂಜಿಗೆ ಸುರಿದು ಮೂರು ಗಂಟೆ ಬಿಟ್ಟೆ. ಸುರಿಯುವಾಗ ಒಂದು ಒಳ್ಳೇ ವಾಸನೆ ಬಂದಿತ್ತು, ಊಟದ ಹೊತ್ತಿಗೆ ಅದೂ ಇಲ್ಲ. ಇಟ್ಟಿಗೆ ಬಣ್ಣ, ತೆಳು, ಹುಳಿ. ಹುಣಸೆಹಣ್ಣು ತೊಳೆದ ನೀರು ಅಂದ್ಕೊಳ್ಳಿ. ಹೆಂಡತಿ ಒಂದು ಗುಟುಕು ಕುಡಿದು ಲೋಟ ನನ್ನ ಕಡೆ ತಳ್ಳಿದಳು. ಇನ್ನೊಂದು ಬಾಟಲಿ ಸುಮ್ನೆ ಅಡುಗೆಗೆ ಹಾಕಲಾ?

ಅಳಿವೆಬಾಗಿಲು:
ಅಡುಗೆಗೆ ಹಾಕಬೇಡಿ ಮಾರಾಯ್ರೆ! ಒದ್ದೆ ರಟ್ಟಿನ ವಾಸನೆ ಬಂತಾ? ವಿನೆಗರ್ ಘಾಟು? ಎರಡೂ ಇಲ್ಲ ಅಂದರೆ ಬಾಟಲಿ ಕೆಟ್ಟಿರಲಿಲ್ಲ, ಆ ಮೂರು ಗಂಟೆಯೇ ಅದನ್ನು ಮುಗಿಸಿದ್ದು. ಗಾಳಿ ಬೇಕಿರುವುದು ಎಳೇ ವೈನಿಗೆ, ಒಗರು ಇಳಿಯಲಿಕ್ಕೆ. ಮೂವತ್ತು ವರ್ಷ ದಾಟಿದ್ದನ್ನು ಡಿಕ್ಯಾಂಟರ್‌ಗೆ ಬಗ್ಗಿಸುವುದು ತಳದ ಗಷ್ಟು ಬಿಟ್ಟು ಮೇಲಿನದು ತೆಗೆಯಲಿಕ್ಕೆ ಅಷ್ಟೇ. ಅದರಲ್ಲೂ 1991ರಂಥ ಬಡಕಲು ವರ್ಷದ್ದಕ್ಕೆ ತಡೆದುಕೊಳ್ಳುವ ಮೈಯೇ ಇರುವುದಿಲ್ಲ.

ಆ ವರ್ಷ ಏಪ್ರಿಲ್ 20-21ರ ರಾತ್ರಿ ಕೊರೆಯುವ ಚಳಿಗೆ ಚಿಗುರೆಲ್ಲ ಸುಟ್ಟುಹೋಯಿತು. ಬಳ್ಳಿ ಎರಡನೇ ಸಲ ಚಿಗುರಿತು, ಆದರೆ ಆ ಗೊಂಚಲುಗಳು ತಡವಾಗಿ, ಒಂದೊಂದು ಒಂದೊಂದು ಥರ ಹಣ್ಣಾದವು. ಕೊಯ್ಲಿನ ಹೊತ್ತಿಗೆ ಮಳೆ ಬೇರೆ. ಬೋರ್ಡೋದಲ್ಲೇ ಪೊಮೆರೋಲ್, ಸೆಂತ್-ಎಮಿಲಿಯೋ ಕಡೆಯ ಮೆರ್ಲೋ ದ್ರಾಕ್ಷಿಗೆ ಬಿದ್ದ ಪೆಟ್ಟು ಎಷ್ಟು ಅಂದರೆ ಅಲ್ಲಿನ ಹೆಸರಾಂತ ಶಾಟೋ ಪೆಟ್ರೂಸ್ ಆ ವರ್ಷದ ವೈನನ್ನೇ ಹೊರತರಲಿಲ್ಲ.

ಆದರೆ ಬೋರ್ಡೋದ ಮೆದೊಕ್ ಸೀಮೆಯಲ್ಲಿ ಜಿರೋಂದ್ ಪಕ್ಕದ ತೋಟಗಳು ಅಷ್ಟಿಷ್ಟು ಉಳಿದವು. ಜಿರೋಂದ್ ಅಂದರೆ ನಮ್ಮ ಕರಾವಳಿಯ ಭಾಷೆಯಲ್ಲಿ ಅಳಿವೆಯೇ, ನದಿ ಕಡಲು ಸೇರುವ ಜಾಗ, ತುಂಬಾ ದೊಡ್ಡದು. ಆ ನೀರು ಬಿಸಿ ಹಿಡಿದಿಟ್ಟುಕೊಳ್ಳುತ್ತದೆ. ನದಿ ಕಾಣುವ ಬಳ್ಳಿಯೇ ಒಳ್ಳೇ ಬಳ್ಳಿ ಅಂತ ಇಲ್ಲಿ ಒಂದು ಮಾತೂ ಇದೆ. ಸೆಂತ್-ಎಸ್ತೆಫ್ ಅದೇ ದಡದಲ್ಲಿದೆ. ನಿಮ್ಮ ಶಾಟೋ ನೀರಿಗೆ ಎಷ್ಟು ಹತ್ತಿರ ಅಂತ ಮ್ಯಾಪಿನಲ್ಲಿ ನೋಡಿ.

ಫಿಲ್ಟರ್‌ಕಾಫಿ:
ಇಷ್ಟೆಲ್ಲ ಸರ್ಕಸ್ ಮಾಡೋ ಬದಲು ಒಂದು 1990 ತಗೊಳ್ಳಿ ಗುರು, ಪಕ್ಕದ ವರ್ಷವೇ, ಕಣ್ಣುಮುಚ್ಚಿ ಕುಡೀಬಹುದು. ದುಡ್ಡು ಮಾತ್ರ ಕೇಳಬೇಡಿ 😄

ಬಿಡದಿ ಮಗಳು:
ಅಜ್ಜ ಪುಕ್ಕಟೆ ಕೊಟ್ಟಿದ್ದಕ್ಕೆ 1990 ಎಲ್ಲಿಂದ ಬಂತು? ಕಾರ್ಕ್ ವಿಷಯ ಹೇಳ್ತೀನಿ. ತಿರುಪು ಹಾಕಬೇಡಿ, ಎರಡು ತೆಳು ಕಾಲಿನ ಓಪನರ್ ಸಿಗುತ್ತದೆ, ಕಾರ್ಕಿಗೂ ಗಾಜಿಗೂ ನಡುವೆ ಇಳಿಸಿ ನಿಧಾನಕ್ಕೆ ತಿರುಗಿಸ್ತಾ ಎಳೆಯಿರಿ. ಹಿಂದಿನ ದಿನವೇ ಬಾಟಲಿ ನೆಟ್ಟಗೆ ನಿಲ್ಲಿಸಿ, ಗಷ್ಟು ತಳಕ್ಕೆ ಕೂರಲಿ. ಬಗ್ಗಿಸುವಾಗ ಕುತ್ತಿಗೆ ಕೆಳಗೆ ಮೊಬೈಲ್ ಟಾರ್ಚ್ ಹಿಡಿದರೆ ಕಪ್ಪಗೆ ಗೆರೆ ಬರುವುದು ಕಾಣುತ್ತದೆ. ಅಲ್ಲಿಗೆ ನಿಲ್ಲಿಸಿ.

ತುಲೂಸ್‌ವಾಸಿ:
ಎರಡನೆಯದು ನಿನ್ನೆ ತೆರೆದೆ. ಮ್ಯಾಪಿನಲ್ಲಿ ನೋಡಿದರೆ ತೋಟದ ಅಂಚಿನಿಂದ ನೀರು ಕಾಣುವಷ್ಟು ಹತ್ತಿರ! ಕಾರ್ಕ್ ಇಡಿಯಾಗಿ ಬಂತು. ನೇರ ಲೋಟಕ್ಕೇ ಬಗ್ಗಿಸಿದೆ. ಮೊದಲಿಗೆ ಹಸಿ ದೊಣ್ಣೆಮೆಣಸಿನಕಾಯಿ ಹೆಚ್ಚಿದ ವಾಸನೆ, ಬೇಜಾರಾಯ್ತು. ಐದು ನಿಮಿಷಕ್ಕೆ ಅದು ಹಿಂದೆ ಸರಿದು ಒಣ ಹೊಗೆಸೊಪ್ಪು, ಹಳೇ ಚರ್ಮದ ಚೀಲ, ಮಳೆ ನಿಂತ ಮೇಲಿನ ಮಣ್ಣು. ತೆಳುವೇ, ಆದರೆ ಈ ಸಲ ಬಾಯಲ್ಲಿ ನಿಂತಿತು. ಹೆಂಡತಿ ಇನ್ನರ್ಧ ಲೋಟ ಕೇಳಿದಳು.

ಮುಕ್ಕಾಲು ಗಂಟೆ ಅಷ್ಟೇ, ಆಮೇಲೆ ಮತ್ತೆ ಹುಣಸೆ ನೀರು.

ಆ ಮೆಣಸಿನಕಾಯಿ ವಾಸನೆ ಯಾಕೆ?

ಅಳಿವೆಬಾಗಿಲು:
ಕ್ಯಾಬರ್ನೆ ದ್ರಾಕ್ಷಿ ಪೂರ್ತಿ ಹಣ್ಣಾಗದಿದ್ದರೆ ಹಾಗೇ. ಬಿಸಿಲು ಸಾಕಷ್ಟು ಸಿಕ್ಕ ವರ್ಷ ಆ ವಾಸನೆ ಹಣ್ಣಲ್ಲೇ ಕಳೆದುಹೋಗುತ್ತದೆ. ನನಗೆ ಸ್ವಲ್ಪ ಇದ್ದರೇನೇ ಇಷ್ಟ.

ತುಲೂಸ್‌ವಾಸಿ:
ಅಜ್ಜನಿಗೆ ಫೋನ್ ಮಾಡಿ ಹೇಳಿದೆ. ಮಗಳ ಮನೆಗೆ ಒಯ್ದ ಪೆಟ್ಟಿಗೆಯಲ್ಲಿ 1993ರದ್ದು ಎರಡು ಇವೆಯಂತೆ, ಬೇಕಾ ಅಂದರು. ಹೇಗೆ ಆ ವರ್ಷ?

ಅಳಿವೆಬಾಗಿಲು:
ಅದೂ ಮಳೆ ವರ್ಷವೇ. ಹೋಗಿ ತನ್ನಿ.