ಓರೆಕ್ಸಿನ್ ಸಂಶೋಧನೆಯ ನಕ್ಷೆ: ಹಸಿವಿನ ಗುಂಪು ಇಷ್ಟು ದೊಡ್ಡದಾಗಿ ಬರುತ್ತಿರುವುದೇಕೆ?

ಪ್ರಶ್ನೆ

ಓರೆಕ್ಸಿನ್ ಎಂದರೆ ಎಚ್ಚರ, ಹಸಿವು ಎರಡಕ್ಕೂ ನಂಟಿರುವ ಮಿದುಳಿನ ಒಂದು ಪೆಪ್ಟೈಡ್ (ಪುಟ್ಟ ಪ್ರೋಟೀನ್). 1998ರಿಂದ ಈಚೆಗಿನ ಓರೆಕ್ಸಿನ್ ಪೇಪರ್‌ಗಳನ್ನು ಪಬ್‌ಮೆಡ್, ವೆಬ್ ಆಫ್ ಸೈನ್ಸ್ ಎಂಬ ಎರಡು ಸಂಶೋಧನಾ ದತ್ತಸಂಗ್ರಹಗಳಿಂದಲೂ ಇಳಿಸಿಕೊಂಡು ವಿಒಎಸ್‌ವ್ಯೂವರ್‌ನಲ್ಲಿ (ನಕ್ಷೆ ಬಿಡಿಸುವ ತಂತ್ರಾಂಶ) ಕೀವರ್ಡ್ ನಕ್ಷೆ, ಅಂದರೆ ಯಾವ ಪದಗಳು ಜೊತೆಯಾಗಿ ಬರುತ್ತವೆ ಎಂಬುದರ ನಕ್ಷೆ ಮಾಡುತ್ತಿದ್ದೇನೆ. ಹುಡುಕಿದ ಪದ "ಓರೆಕ್ಸಿ*". ಹಸಿವು ಹೆಚ್ಚಿಸುವ ಗ್ರೆಲಿನ್, ನ್ಯೂರೋಪೆಪ್ಟೈಡ್ ವೈ ಎಲ್ಲ ಸೇರಿ ಹಸಿವಿನ ಗುಂಪು ವಿಪರೀತ ಉಬ್ಬಿದೆ. ನಾರ್ಕೊಲೆಪ್ಸಿ (ಹಗಲಲ್ಲಿ ತಡೆಯಲಾಗದ ನಿದ್ದೆ ಬರುವ ಕಾಯಿಲೆ) ಮಾತ್ರ ಬಡಕಲಾಗಿ ಒಂದು ಮೂಲೆಯಲ್ಲಿದೆ. ರಕ್ತದಲ್ಲಿ ಓರೆಕ್ಸಿನ್ ಅಳೆದ ಪೇಪರ್‌ಗಳೂ ಸಾಕಷ್ಟಿವೆ. ಇದನ್ನು ಹೊಸ ಬಯೋಮಾರ್ಕರ್ (ರೋಗ ಗುರುತಿಸುವ ಸೂಚಕ) ಪ್ರವೃತ್ತಿ ಎಂದು ಬರೆಯಬಹುದೇ?

ಉತ್ತರ 1

ನಕ್ಷತ್ರ ಚಿಹ್ನೆಯನ್ನು (ಮುಂದೆ ಯಾವ ಅಕ್ಷರ ಬಂದರೂ ಸರಿ ಎಂಬ ಗುರುತು) ಒಂದಕ್ಷರ ಮೊದಲೇ ಹಾಕಿಬಿಟ್ಟಿದ್ದೀರಿ. "ಓರೆಕ್ಸಿ*" ಎಂದರೆ "ಓರೆಕ್ಸಿಜೆನಿಕ್" ಕೂಡ ಬಲೆಗೆ ಬೀಳುತ್ತದೆ. ಹಸಿವು ಹೆಚ್ಚಿಸುವ ಯಾವುದೇ ವಸ್ತುವಿಗೂ ಆ ವಿಶೇಷಣ ಬಳಸುತ್ತಾರೆ, ಹಾಗಾಗಿ ಗ್ರೆಲಿನ್ ನುಗ್ಗಿದೆ. "ಓರೆಕ್ಸಿನ್*" ಎಂದು ತಿದ್ದಿ.

ನಾರ್ಕೊಲೆಪ್ಸಿ ಬಡಕಲಾಗಿರುವುದಕ್ಕೆ ಕಾರಣ ಬೇರೆ. ಈ ಪೆಪ್ಟೈಡ್‌ಗೆ ಎರಡು ಹೆಸರಿದೆ. 1998ರ ಜನವರಿಯಲ್ಲಿ ಡಿ ಲೆಸಿಯಾ ಮತ್ತು ಸಂಗಡಿಗರು "ಹೈಪೊಕ್ರೆಟಿನ್" ಎಂದರು, ಮರುತಿಂಗಳೇ ಸಕುರೈ, ಯಾನಗಿಸಾವಾ ಅವರ ತಂಡ "ಓರೆಕ್ಸಿನ್" ಎಂದಿತು. ಇಲಿಯ ಮಿದುಳಿಗೆ ಕೊಟ್ಟಾಗ ಅದು ಹೆಚ್ಚು ತಿಂದದ್ದರಿಂದ, ಗ್ರೀಕಿನಲ್ಲಿ ಹಸಿವೆಗಿರುವ ಪದದಿಂದ ಬಂದ ಹೆಸರು ಅದು. ಆದರೆ 1999ರಲ್ಲೇ ಗಾಳಿ ತಿರುಗಿತು: ನಾರ್ಕೊಲೆಪ್ಸಿ ಇದ್ದ ನಾಯಿಗಳಲ್ಲಿ ಓರೆಕ್ಸಿನ್ ಹೋಗಿ ಅಂಟುವ ಎರಡು ಗ್ರಾಹಕಗಳಲ್ಲಿ ಎರಡನೆಯದರ ಜೀನ್ ಕೆಟ್ಟಿರುವುದು ಗೊತ್ತಾಯಿತು, ಓರೆಕ್ಸಿನ್ ಜೀನ್ ತೆಗೆದ ಇಲಿಗಳಲ್ಲೂ ಅದೇ ಲಕ್ಷಣ ಕಂಡಿತು. ನಿದ್ರೆಯ ಕ್ಲಿನಿಕಲ್ ಪೇಪರ್‌ಗಳಲ್ಲಿ ಇಂದಿಗೂ ಹೈಪೊಕ್ರೆಟಿನ್ ಹೆಸರು ಸಾಕಷ್ಟು ಬಳಕೆಯಲ್ಲಿದೆ. ನೀವು ಆ ಭಾಗವನ್ನು ಹುಡುಕೇ ಇಲ್ಲ.

"ಓರೆಕ್ಸಿನ್* ಅಥವಾ ಹೈಪೊಕ್ರೆಟಿನ್*" ಎಂದು ಶೀರ್ಷಿಕೆ, ಸಾರಾಂಶ ಎರಡರಲ್ಲೂ ಹುಡುಕಿ, ಎಚ್‌ಸಿಆರ್‌ಟಿ ಎಂಬ ಜೀನ್ ಹೆಸರನ್ನೂ ಸೇರಿಸಿ. ಬಳಿಕ ವಿಒಎಸ್‌ವ್ಯೂವರ್‌ಗೆ ಥಿಸಾರಸ್ ಫೈಲ್ ಕೊಡಿ. ಅದರಲ್ಲಿ ಎರಡೇ ಕಾಲಂ: ಇರುವ ಪದ, ಅದರ ಬದಲಿಗೆ ಬರಬೇಕಾದ ಪದ. ಹೈಪೊಕ್ರೆಟಿನ್-1 ಎಂದರೆ ಓರೆಕ್ಸಿನ್-ಎ, ಹೈಪೊಕ್ರೆಟಿನ್-2 ಎಂದರೆ ಓರೆಕ್ಸಿನ್-ಬಿ. ಹೆಸರು ಒಂದುಗೂಡಿಸದ ಒಂದು ಪ್ರತಿಯನ್ನೂ ಇಟ್ಟುಕೊಳ್ಳಿ, ಯಾವ ಕ್ಷೇತ್ರ ಯಾವ ಹೆಸರಿಗೆ ಅಂಟಿಕೊಂಡಿದೆ ಎಂಬುದೇ ನೋಡತಕ್ಕ ಸಂಗತಿ.

ಎರಡು ಮೂಲ ಬೆರೆಸಿದ್ದರಿಂದ ನಕಲುಗಳೂ ಇರುತ್ತವೆ. ಡಿಒಐಗಳನ್ನೆಲ್ಲ (ಪ್ರತಿ ಪೇಪರಿಗೆ ಕೊಡುವ ಶಾಶ್ವತ ಗುರುತು) ಸಣ್ಣ ಅಕ್ಷರಕ್ಕೆ ತಂದು, ಆರಂಭದಲ್ಲಿರುವ ವೆಬ್ ವಿಳಾಸದ ಭಾಗ ಕತ್ತರಿಸಿ, ಆಮೇಲೆ ಹೋಲಿಸಿ. ಡಿಒಐ ಇಲ್ಲದವಕ್ಕೆ ಶೀರ್ಷಿಕೆ ಮತ್ತು ವರ್ಷ.

ಉತ್ತರ 2

ರಕ್ತದ ವಿಷಯದಲ್ಲಿ ಅವಸರ ಬೇಡ. ಪೇಪರ್‌ಗಳ ಸಂಖ್ಯೆ ಏರಿದ ಮಾತ್ರಕ್ಕೆ ಅಳತೆ ಸರಿಯಿದೆ ಎಂದಲ್ಲ.

ರೋಗನಿರ್ಣಯಕ್ಕೆ ಒಪ್ಪಿತವಾಗಿರುವುದು ಮಿದುಳು-ಬೆನ್ನುಹುರಿ ದ್ರವದ, ಅಂದರೆ ಸಿಎಸ್‌ಎಫ್‌ನ ಓರೆಕ್ಸಿನ್-ಎ. ರೇಡಿಯೊಇಮ್ಯುನೊಅಸ್ಸೆಯಲ್ಲಿ (ಆಂಟಿಬಾಡಿ ಬಳಸಿ ಅಳೆಯುವ ವಿಧಾನ) ಮಿಲಿಲೀಟರಿಗೆ 110 ಪಿಕೋಗ್ರಾಂ ಅಥವಾ ಕಡಿಮೆ ಇದ್ದರೆ ಟೈಪ್ 1 ನಾರ್ಕೊಲೆಪ್ಸಿಯ ಕಡೆಗೆ ಬೆರಳು ಮಾಡುತ್ತದೆ, 200ಕ್ಕಿಂತ ಮೇಲಿದ್ದರೆ ಸಾಮಾನ್ಯ. ಇದೇ ಮಾದರಿಯನ್ನು ಮಾಸ್ ಸ್ಪೆಕ್ಟ್ರೊಮೆಟ್ರಿಗೆ (ಅಣುವನ್ನು ಅದರ ತೂಕದಿಂದ ಗುರುತಿಸುವ ವಿಧಾನ) ಹಾಕಿದರೆ ಅಂಕಿ ಬಹಳ ಕೆಳಗಿಳಿಯುತ್ತದೆ, ಏಕೆಂದರೆ ಆಂಟಿಬಾಡಿ ಪೆಪ್ಟೈಡ್‌ನ ತುಂಡುಗಳನ್ನೂ ಹಿಡಿಯುತ್ತದೆ. 110ರ ಗೆರೆಯನ್ನು ಅಲ್ಲಿಗೆ ಹೊತ್ತೊಯ್ಯುವಂತಿಲ್ಲ.

ಪ್ಲಾಸ್ಮಾದಲ್ಲಿ, ಅಂದರೆ ರಕ್ತದ ದ್ರವಭಾಗದಲ್ಲಿ, ಪಾಡು ಇನ್ನೂ ಕಷ್ಟ. ಪೆಪ್ಟೈಡ್ ಅತ್ಯಲ್ಪ, ಸುತ್ತ ಪ್ರೋಟೀನ್ ಅಪಾರ. ಶುದ್ಧೀಕರಿಸಿ ಬೇರ್ಪಡಿಸದೆ ನೇರ ಎಲೈಸಾ (ಆಂಟಿಬಾಡಿಯಿಂದಲೇ ಅಳೆಯುವ ಇನ್ನೊಂದು ವಿಧಾನ) ಕಿಟ್‌ಗೆ ಹಾಕಿದರೆ ಬರುವ ಸಂಕೇತ ಓರೆಕ್ಸಿನ್‌ದೇ ಎಂಬ ಭರವಸೆಯಿಲ್ಲ. ಆ ಗುಂಪಿನ ಪ್ರತಿ ಪೇಪರ್‌ಗೆ ಮೂರು ಗುರುತು ಹಾಕಿ: ಮಾದರಿ ಯಾವುದು, ವಿಧಾನ ಯಾವುದು, ಬೇರ್ಪಡಿಸಿದರೇ ಇಲ್ಲವೇ. ಸಿಎಸ್‌ಎಫ್ ಮತ್ತು ಪ್ಲಾಸ್ಮಾವನ್ನು ಒಂದೇ "ಓರೆಕ್ಸಿನ್ ಮಟ್ಟ" ಎಂಬ ಕೀವರ್ಡಿಗೆ ಸೇರಿಸಿದರೆ ನಕ್ಷೆಗೆ ಅರ್ಥವೇ ಇರುವುದಿಲ್ಲ. ಗ್ರಾಹಕಗಳನ್ನು ಗುರುತಿಸಲು ಬಳಸುವ ಆಂಟಿಬಾಡಿಗೂ ಇದೇ ಸಂಶಯ ಸಲ್ಲುತ್ತದೆ, ಆ ಗ್ರಾಹಕದ ಜೀನ್ ತೆಗೆದ ಇಲಿಯ ಅಂಗಾಂಶದಲ್ಲಿ ಬಣ್ಣ ಬರಲಿಲ್ಲ ಎಂದು ತೋರಿಸಿದ್ದಾರೆಯೇ ನೋಡಿ.

ಉತ್ತರ 3

ಮೇಲಿನದಕ್ಕೆ ಒಂದು ಸೇರ್ಪಡೆ. ನಿಜವಾದ ಈಚಿನ ಒಲವು ಔಷಧದ ಕಡೆ, ಅದು ನಿಮ್ಮ ಹುಡುಕಾಟದಲ್ಲಿ ತಪ್ಪಿಹೋಗಬಹುದು. ಗ್ರಾಹಕ ತಡೆಯುವ ನಿದ್ರೆಯ ಮಾತ್ರೆಗಳಾದ ಸುವೊರೆಕ್ಸಾಂಟ್ (ಅಮೆರಿಕದಲ್ಲಿ 2014ರಲ್ಲಿ ಅನುಮತಿ), ಲೆಂಬೊರೆಕ್ಸಾಂಟ್ (2019), ಡಾರಿಡೊರೆಕ್ಸಾಂಟ್ (2022) ಇವನ್ನು ಹೆಸರು ಹಿಡಿದೇ ಹುಡುಕಿ. ಎದುರು ದಿಕ್ಕಿನಲ್ಲಿ ಎರಡನೇ ಗ್ರಾಹಕವನ್ನು ಪ್ರಚೋದಿಸುವ ಔಷಧಗಳಿವೆ. ಅವು ಮೊದಮೊದಲು ಸಂಕೇತಸಂಖ್ಯೆಯಲ್ಲೇ ಇರುತ್ತವೆ: ಟಿಎಕೆ-925, ಟಿಎಕೆ-994, ಟಿಎಕೆ-861. ಕೊನೆಯದಕ್ಕೆ ಈಗ ಓವೆಪೊರೆಕ್ಸ್‌ಟಾನ್ ಎಂಬ ಹೆಸರಿದೆ, ಎರಡನ್ನೂ ಥಿಸಾರಸ್‌ಗೆ ಹಾಕಿ. ಟಿಎಕೆ-994 ಯಕೃತ್ತಿಗೆ ಹಾನಿ ಮಾಡಿದ್ದರಿಂದ 2021ರಲ್ಲಿ ಪ್ರಯೋಗ ನಿಂತಿತು. ನಿಂತ ಔಷಧವೆಂದು ಪಟ್ಟಿಯಿಂದ ಬಿಡಬೇಡಿ, ಮುಂದಿನ ಅಣುಗಳ ಚರ್ಚೆಯಲ್ಲಿ ಅದು ಮತ್ತೆ ಮತ್ತೆ ಬರುತ್ತದೆ.

ವಿಧಾನದ ಮಾತು: ಕೋ-ಸೈಟೇಶನ್ (ಯಾವ ಪೇಪರ್‌ಗಳನ್ನು ಇತರರು ಜೊತೆಯಾಗಿ ಉಲ್ಲೇಖಿಸುತ್ತಾರೆ ಎಂಬ) ನಕ್ಷೆ ಹಳೆಯ ಪೇಪರ್‌ಗಳ ಕಡೆ ವಾಲುತ್ತದೆ, ಹೊಸದಕ್ಕೆ ಉಲ್ಲೇಖ ಬರಲು ಸಮಯ ಬೇಕಲ್ಲ. ಇತ್ತೀಚಿನದು ಬೇಕಿದ್ದರೆ ಬಿಬ್ಲಿಯೊಗ್ರಾಫಿಕ್ ಕಪ್ಲಿಂಗ್ (ಒಂದೇ ಆಕರಗಳನ್ನು ಉಲ್ಲೇಖಿಸುವ ಪೇಪರ್‌ಗಳನ್ನು ಜೋಡಿಸುವುದು) ಮಾಡಿ. ಇದಕ್ಕೆ ಆಕರಪಟ್ಟಿ ಬೇಕು. ಪಬ್‌ಮೆಡ್‌ನಿಂದ ಇಳಿಸುವ ಫೈಲ್‌ನಲ್ಲಿ ಅದಿಲ್ಲ, ಹಾಗಾಗಿ ವೆಬ್ ಆಫ್ ಸೈನ್ಸ್ ಭಾಗವನ್ನಷ್ಟೇ ಬಳಸಿ. ಆಕರಸಹಿತ ಪೂರ್ಣ ದಾಖಲೆಗಳನ್ನು ಒಂದು ಸಲಕ್ಕೆ 500ರಂತೆ ಇಳಿಸಿಕೊಳ್ಳಬೇಕಾಗುತ್ತದೆ.

ವರ್ಷವಾರು ರೇಖೆ ಹಾಕುವಾಗ ಬರಿ ಸಂಖ್ಯೆ ಬೇಡ. ಆ ವರ್ಷದ ಒಟ್ಟು ನರವಿಜ್ಞಾನ ಪೇಪರ್‌ಗಳಿಂದ ಭಾಗಿಸಿ. ನಡೆಯುತ್ತಿರುವ ವರ್ಷವನ್ನು ರೇಖೆಯಿಂದ ಬಿಟ್ಟುಬಿಡಿ, ಇಲ್ಲದಿದ್ದರೆ ಕೊನೆಯಲ್ಲಿ ಇಲ್ಲದ ಕುಸಿತ ಕಾಣುತ್ತದೆ.